ಅಲರ್ಟ್ ಬಂತು, ಆದರೆ ಯಾರ ಫೋನಿಗೆ?

2013ರ ನವೆಂಬರ್ 30, ಶನಿವಾರ. ಅಮೆರಿಕದ ಟಾರ್ಗೆಟ್ ಅಂಗಡಿಗಳ ಕಂಪ್ಯೂಟರ್‌ಗಳನ್ನು ದಿನದ 24 ಗಂಟೆ ಕಾಯುವ ಒಂದು ತಂಡ ಆಗ ಬೆಂಗಳೂರಿನಲ್ಲಿತ್ತು. ಅವತ್ತು ಅವರ ಮುಂದೆ ಒಂದು ಅಲರ್ಟ್ ಬಂತು. ಕದ್ದ ಕಾರ್ಡ್ ವಿವರಗಳನ್ನು ಹೊರಗೆ ಸಾಗಿಸಲು ಕಳ್ಳರು ಒಳಗೆ ಇಟ್ಟಿದ್ದ ಮಾಲ್‌ವೇರನ್ನು ಫೈರ್‌ಐ ಅನ್ನುವ ಸಾಫ್ಟ್‌ವೇರ್ ಹಿಡಿದಿತ್ತು. ಬೆಂಗಳೂರಿನವರು ಮಿನಿಯಾಪೊಲಿಸ್‌ನ ಭದ್ರತಾ ತಂಡಕ್ಕೆ ವಿಷಯ ದಾಟಿಸಿದರು. ಅಲ್ಲಿಗೆ ಹೋಗಿ ಅದು ನಿಂತುಬಿಟ್ಟಿತು.

2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ ಇದನ್ನು ಬಯಲಿಗೆ ತಂದಿತು. ಟಾರ್ಗೆಟ್ ಕೂಡ ಒಪ್ಪಿಕೊಂಡಿತು. ಅಲರ್ಟ್ ದಾಖಲಾಗಿತ್ತು, ತಂಡ ಅದನ್ನು ನೋಡಿತ್ತು, ತಕ್ಷಣ ಕೈಹಾಕುವಂಥದ್ದಲ್ಲ ಎಂದು ಬಿಟ್ಟಿತ್ತು. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯವರೇ ಬಂದು ಹೇಳುವ ತನಕ ಕಂಪನಿಗೆ ಎಚ್ಚರವಾಗಲಿಲ್ಲ. ಅಷ್ಟೂ ಸೇರಿ 4 ಕೋಟಿ ಕಾರ್ಡ್‌ಗಳ ವಿವರ, 7 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಕಳುವಾಯಿತು.

ಈ ಕಥೆ ಹೇಳುವವರು ಬಹಳ ಸಲ "ಅಲರ್ಟ್ ಯಾರೂ ನೋಡಲಿಲ್ಲ" ಅಂತ ಹೇಳಿ ಮುಗಿಸುತ್ತಾರೆ. ಅದು ನಿಜವಲ್ಲ. ನೋಡಿದವರಿದ್ದರು, ನಮ್ಮ ಊರಲ್ಲೇ ಇದ್ದರು. ಆದರೆ ಕಣ್ಣು ಬೆಂಗಳೂರಿನಲ್ಲಿತ್ತು, ಕೈ ಮಿನಿಯಾಪೊಲಿಸ್‌ನಲ್ಲಿತ್ತು. ಹಲವು ವರ್ಷ ಆನ್‌ಕಾಲ್, ಅಂದರೆ ಯಾವ ಹೊತ್ತಿಗೆ ಕರೆ ಬಂದರೂ ಎದ್ದು ನೋಡುವ ಕೆಲಸ ಮಾಡಿದ ನನಗೆ ಈ ಸಂಗತಿ ಇವತ್ತಿಗೂ ಚುಚ್ಚುತ್ತದೆ. ಸಾಫ್ಟ್‌ವೇರ್ ಕೆಟ್ಟಾಗ ಅಲರ್ಟ್ ಬರುವುದು ಇವತ್ತು ದೊಡ್ಡ ವಿಷಯವಲ್ಲ, ಎಲ್ಲ ಕಡೆ ಬರುತ್ತದೆ. ಅದು ಸರಿಪಡಿಸಬಲ್ಲ ತಂಡಕ್ಕೆ, ಸರಿಪಡಿಸುವ ಅಧಿಕಾರ ಇರುವವರಿಗೆ, ಹೊತ್ತು ಮೀರುವ ಮುಂಚೆ ಹೋಗುತ್ತಾ ಅನ್ನೋದೇ ಪ್ರಶ್ನೆ. ಇದನ್ನೇ ಅಲರ್ಟ್ ರೂಟಿಂಗ್ ಅನ್ನುತ್ತೇವೆ.

ಈ ಕ್ಷೇತ್ರದವರಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ನೀವು ಫೋನಲ್ಲಿ ಒಂದು ಆರ್ಡರ್ ಹಾಕಿದರೆ ಅದರ ಹಿಂದೆ ಹತ್ತಾರು ಸಣ್ಣ ಸರ್ವಿಸ್‌ಗಳು ಓಡುತ್ತವೆ. ಲಾಗಿನ್‌ಗೆ ಒಂದು, ಬೆಲೆಗೆ ಒಂದು, ಪೇಮೆಂಟಿಗೆ ಒಂದು, ಎಸ್‌ಎಂಎಸ್‌ಗೆ ಒಂದು. ಒಂದೊಂದನ್ನು ಒಂದೊಂದು ತಂಡ ನೋಡಿಕೊಳ್ಳುತ್ತದೆ. ಪ್ರತಿ ತಂಡದಲ್ಲೂ ವಾರಕ್ಕೊಬ್ಬರಂತೆ ಸರದಿ ಮೇಲೆ ಆನ್‌ಕಾಲ್ ಇರುತ್ತಾರೆ. ಏನಾದರೂ ಕೆಟ್ಟರೆ ಅವರ ಫೋನ್ ಬಡಿದುಕೊಳ್ಳುತ್ತದೆ. ಅವರು "ನಾನು ನೋಡ್ತಿದ್ದೀನಿ" ಎಂದು ಒತ್ತಬೇಕು. ಅದಕ್ಕೆ ಅಕ್ ಮಾಡೋದು ಅನ್ನುತ್ತಾರೆ. ಐದೋ ಹತ್ತೋ ನಿಮಿಷದಲ್ಲಿ ಒತ್ತದಿದ್ದರೆ ಮುಂದಿನವರಿಗೆ, ಅವರೂ ಎತ್ತದಿದ್ದರೆ ಮ್ಯಾನೇಜರಿಗೆ ಹೋಗುತ್ತದೆ. ಕೇಳಲು ಸರಳವಾಗಿದೆ. ಕೆಡುವುದು ಯಾವ ಅಲರ್ಟ್ ಯಾವ ತಂಡದ್ದು ಎಂದು ತೀರ್ಮಾನ ಮಾಡುವ ಜಾಗದಲ್ಲಿ.

97 ಇಮೇಲ್

ಎಲ್ಲರಿಗೂ ಕಳಿಸಿಬಿಡೋಣ, ಯಾರಾದರೂ ನೋಡ್ತಾರೆ. ಹೊಸ ಕಂಪನಿಗಳಲ್ಲಿ ಮೊದಲು ಹೊಳೆಯುವ ಉಪಾಯ ಇದು. ಇದರಿಂದ ಎಷ್ಟು ಹಾನಿಯಾಗಬಹುದು ಅನ್ನೋದಕ್ಕೆ ನೈಟ್ ಕ್ಯಾಪಿಟಲ್‌ಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನೈಟ್ ಕ್ಯಾಪಿಟಲ್ ಅಮೆರಿಕದ ಷೇರುಪೇಟೆಯ ದೊಡ್ಡ ಬ್ರೋಕರ್ ಸಂಸ್ಥೆ ಆಗಿತ್ತು. 2012ರ ಆಗಸ್ಟ್ 1ರಂದು ಅವರು ಹೊಸ ಕೋಡ್‌ನೊಂದಿಗೆ ವ್ಯವಹಾರ ಶುರು ಮಾಡಬೇಕಿತ್ತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳ ಹಿಂದೆಯೇ ಬಳಕೆ ನಿಲ್ಲಿಸಿದ್ದ ಪವರ್ ಪೆಗ್ ಅನ್ನುವ ಹಳೇ ಕೋಡ್ ಇನ್ನೂ ಕೂತಿತ್ತು. ಪೇಟೆ ತೆರೆಯೋದು ಬೆಳಗ್ಗೆ 9:30ಕ್ಕೆ. 8:01ರ ಸುಮಾರಿಗೇ ಅವರ ವ್ಯವಸ್ಥೆ ತಾನಾಗಿ ಇಮೇಲ್ ಕಳಿಸಲು ಶುರು ಮಾಡಿತು. ಆ ಇಮೇಲ್‌ಗಳಲ್ಲಿ ಪವರ್ ಪೆಗ್‌ನ ಹೆಸರೇ ಇತ್ತು. ತೊಂದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಹಾಗೆ. ಪೇಟೆ ತೆರೆಯುವ ಹೊತ್ತಿಗೆ ಅಂಥ 97 ಇಮೇಲ್‌ಗಳು ಸಿಬ್ಬಂದಿಯ ಒಂದು ಗುಂಪಿಗೆ ಹೋಗಿದ್ದವು.

ಒಂದೂವರೆ ಗಂಟೆ ಸಮಯವಿತ್ತು. ಯಾರೂ ಕದಲಲಿಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2013ರ ಆದೇಶದಲ್ಲಿ ಕಾರಣ ಬರೆದಿದೆ. ಆ ಇಮೇಲ್‌ಗಳನ್ನು ಅಲರ್ಟ್ ಎಂದು ಯೋಚಿಸಿ ಮಾಡಿರಲಿಲ್ಲ, ಬಂದಾಗ ಅವನ್ನು ಓದುವ ರೂಢಿಯೂ ಅಲ್ಲಿರಲಿಲ್ಲ. 9:30ಕ್ಕೆ ಪೇಟೆ ತೆರೆಯಿತು. ಎಂಟನೇ ಸರ್ವರ್ ನಿಲ್ಲದೆ ಷೇರು ಕೊಳ್ಳುತ್ತಾ ಮಾರುತ್ತಾ ಹೋಯಿತು. ಸುಮಾರು 45 ನಿಮಿಷದಲ್ಲಿ 154 ಕಂಪನಿಗಳ 39 ಕೋಟಿಗೂ ಹೆಚ್ಚು ಷೇರುಗಳು ಕೈ ಬದಲಿಸಿದವು. ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಗಾಬರಿಯಲ್ಲಿ ಎಂಜಿನಿಯರ್‌ಗಳು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದುಬಿಟ್ಟರು. ಆಗ ತೊಂದರೆ ಇನ್ನೂ ಬಲಿಯಿತು. ಮುಂದಿನ ವರ್ಷ ಆ ಕಂಪನಿ ಬೇರೆ ಕಂಪನಿಯ ಜೊತೆ ವಿಲೀನವಾಯಿತು.

ಒಂದು ಗುಂಪಿಗೆ ಬಂದ ಇಮೇಲನ್ನು ಗುಂಪಿನ ಪ್ರತಿಯೊಬ್ಬರೂ "ಇನ್ಯಾರೋ ನೋಡ್ತಿರ್ತಾರೆ" ಎಂದು ಬಿಡುತ್ತಾರೆ. ಇದು ಸೋಮಾರಿತನ ಅಲ್ಲ. ದಿನಕ್ಕೆ ನೂರಾರು ಸಂದೇಶ ಬರುವ ಜಾಗದಲ್ಲಿ ಮನುಷ್ಯರು ಹಾಗೆಯೇ ಬದುಕಬೇಕು. ನಮ್ಮ ಹಳೇ ಮೈಸೂರು ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ತೆಗೆಯೋದು, ಮುಚ್ಚೋದು, ಗದ್ದೆಗೆ ನೀರು ಬಿಡೋದು ಅವನ ಕೆಲಸ. ಏರಿಯಲ್ಲಿ ನೀರು ಜಿನುಗುತ್ತಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂದು ಊರಿನ ಮಕ್ಕಳಿಗೂ ಗೊತ್ತಿರುತ್ತಿತ್ತು. 97 ಇಮೇಲ್‌ಗಳ ಬದಲು ಒಬ್ಬ ಎಂಜಿನಿಯರ್‌ನ ಫೋನ್ ಒಂದೇ ಒಂದು ಸಲ ಬಡಿದುಕೊಂಡಿದ್ದರೆ ಪೇಟೆ ತೆರೆಯುವ ಮುಂಚೆ ಆ ಸರ್ವರನ್ನು ಬದಿಗಿಡಲು ಸಮಯ ಸಿಗುತ್ತಿತ್ತು ಎಂದೇ ನನ್ನ ನಂಬಿಕೆ.

ಹಳೇ ಪಟ್ಟಿ

ಎರಡನೇ ರೀತಿಯ ತಪ್ಪು ಇನ್ನೂ ಸಾಮಾನ್ಯ. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ದೊಡ್ಡ ಬಿರುಕು ಬೆಳಕಿಗೆ ಬಂತು. ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್ ಮಾರ್ಚ್ 9ರಂದೇ 400ಕ್ಕೂ ಹೆಚ್ಚು ಜನರಿಗೆ ಇಮೇಲ್ ಕಳಿಸಿ, ಕೂಡಲೇ ಪ್ಯಾಚ್ (ಬಿರುಕು ಮುಚ್ಚುವ ತಿದ್ದುಪಡಿ) ಹಾಕಿ ಎಂದಿತು. ಆದರೆ ಆ ಪಟ್ಟಿ ಹಳೆಯದಾಗಿತ್ತು. ಯಾವ ಪೋರ್ಟಲ್‌ಗೆ ಪ್ಯಾಚ್ ಬೇಕಿತ್ತೋ ಅದನ್ನು ನೋಡಿಕೊಳ್ಳುವವರಿಗೆ ಇಮೇಲ್ ತಲುಪಲೇ ಇಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನು ತನ್ನ ವರದಿಯಲ್ಲಿ ಬರೆದಿದೆ. ಮೇ ತಿಂಗಳಲ್ಲಿ ಕಳ್ಳರು ಅದೇ ಬಿರುಕಿನಿಂದ ಒಳಗೆ ಬಂದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. 400 ಜನರಿಗೆ ಹೋದ ಸಂದೇಶ, ಬೇಕಿದ್ದವರಿಗೆ ಮಾತ್ರ ಇಲ್ಲ.

ಅದೇ ವರ್ಷದ ಜನವರಿ 31ರಂದು, ಎಂಜಿನಿಯರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ತಾಣದಲ್ಲಿ ನಡೆದದ್ದು ಗೊತ್ತಿರಬಹುದು. ಒಬ್ಬ ಎಂಜಿನಿಯರ್ ತಪ್ಪಾದ ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಲು ಹೋದರೆ ಬ್ಯಾಕಪ್ಪೇ ಇರಲಿಲ್ಲ. ಬ್ಯಾಕಪ್ ಕೆಲಸ ಬಹಳ ದಿನದಿಂದ ಸೋಲುತ್ತಿತ್ತು, ಸೋತಾಗೆಲ್ಲ ಇಮೇಲ್ ಕೂಡ ಹೋಗುತ್ತಿತ್ತು. ಆದರೆ ಆ ಇಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲ ಎಂದು ಅವರದೇ ಇಮೇಲ್ ಭದ್ರತೆಯ ನಿಯಮದಡಿ ಅವು ತಿರಸ್ಕಾರವಾಗುತ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಬೇರೊಂದು ನಕಲು ಸಿಕ್ಕಿತು, ಹಾಗಾಗಿ ಕೈತಪ್ಪಿದ್ದು ಆರು ಗಂಟೆಯಷ್ಟು ಡೇಟಾ. ಗಿಟ್‌ಲ್ಯಾಬ್ ಇದನ್ನೆಲ್ಲ ಮುಚ್ಚಿಡದೆ ತಾನೇ ಬರೆದು ಪ್ರಕಟಿಸಿತು. ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಬ್ಯಾಕಪ್ ಸರಿಯಿದೆಯೇ ಎಂದು ಯಾಕೆ ಯಾರೂ ಪರೀಕ್ಷೆ ಮಾಡಿರಲಿಲ್ಲ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಉತ್ತರ: ಅದು ಯಾರ ಜವಾಬ್ದಾರಿ ಎಂದು ಗೊತ್ತುಮಾಡಿರಲಿಲ್ಲ.

ಪಟ್ಟಿ ಹೇಗೆ ಹಳತಾಗುತ್ತದೆ ಅನ್ನೋದನ್ನು ನಾನೂ ಹತ್ತಿರದಿಂದ ನೋಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಎರಡು ತಂಡಗಳನ್ನು ಒಂದು ಮಾಡಿದರು. ಹೊಸ ಹೆಸರು ಬಂತು, ಹೊಸ ಮ್ಯಾನೇಜರ್ ಬಂದರು, ಕೇಕ್ ಕೂಡ ಕತ್ತರಿಸಿದೆವು. ಹಳೇ ತಂಡದ ಇಮೇಲ್ ಗುಂಪು ಮಾತ್ರ ಹಾಗೇ ಉಳಿಯಿತು. ಅದರಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋದರು. ಒಂದು ಸರ್ವಿಸ್‌ನ ಡಿಸ್ಕ್ ತುಂಬುತ್ತಿದೆ ಅನ್ನುವ ಅಲರ್ಟ್ ವಾರಗಟ್ಟಲೆ ಆ ಖಾಲಿ ಗುಂಪಿಗೆ ಹೋಗುತ್ತಿತ್ತು. ಒಂದು ಭಾನುವಾರ ಡಿಸ್ಕ್ ಪೂರ್ತಿ ತುಂಬಿತು. ಬ್ರಿಡ್ಜ್ ಕಾಲ್‌ನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಸೇರುವ ಫೋನ್ ಕರೆಯಲ್ಲಿ, ಮೂವತ್ತು ಜನ ಕೂತಿದ್ದೆವು. ಮೊದಲ ನಲವತ್ತು ನಿಮಿಷ ಬರೀ "ಇದು ಯಾರ ಸರ್ವಿಸ್?" ಅನ್ನೋದರಲ್ಲೇ ಕಳೆಯಿತು. ಸರಿಪಡಿಸಲು ಹಿಡಿದದ್ದು ಆರು ನಿಮಿಷ.

ದಾರಿ ತೋರಿಸುವ ಮರ

ಈಗ ಯಂತ್ರ ಇದನ್ನು ಹೇಗೆ ಮಾಡುತ್ತದೆ ನೋಡೋಣ. ಸರ್ವರ್‌ಗಳ ಮೇಲೆ ಕಣ್ಣಿಡಲು ಬಹಳ ಕಡೆ ಬಳಕೆಯಲ್ಲಿರುವ ಪ್ರೊಮಿಥಿಯಸ್ ಅನ್ನೇ ತೆಗೆದುಕೊಳ್ಳಿ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದು. ಇದರ ಜೊತೆಗೆ ಅಲರ್ಟ್‌ಗಳನ್ನು ಹಂಚುವ ಅಲರ್ಟ್‌ಮ್ಯಾನೇಜರ್ ಇರುತ್ತದೆ. ಪ್ರತಿ ಅಲರ್ಟ್‌ಗೂ ಸಣ್ಣ ಚೀಟಿಗಳನ್ನು ಅಂಟಿಸಿರುತ್ತಾರೆ. ಅವನ್ನು ಲೇಬಲ್ ಅನ್ನುತ್ತಾರೆ. ತಂಡ ಪೇಮೆಂಟ್ಸ್, ತೀವ್ರತೆ ಕ್ರಿಟಿಕಲ್, ಊರು ಮುಂಬೈ, ಹೀಗೆ. ಅಲರ್ಟ್‌ಮ್ಯಾನೇಜರ್ ಒಳಗೆ ನಿಯಮಗಳ ಒಂದು ಮರ ಇದೆ. ಅಲರ್ಟ್ ಬೇರಿನಿಂದ ಶುರುವಾಗಿ, ತನ್ನ ಚೀಟಿಗೆ ಹೊಂದುವ ಕೊಂಬೆ ಹುಡುಕುತ್ತಾ ಹೋಗುತ್ತದೆ. ಹೊಂದುವ ಮೊದಲ ಕೊಂಬೆ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ, ಮುಂದೆಯೂ ಹೋಗು ಎಂದು ಬರೆದಿದ್ದರೆ ಮಾತ್ರ ಮುಂದಿನ ಕೊಂಬೆಗೆ ಹೋಗುತ್ತದೆ.

ಯಾವ ಕೊಂಬೆಯೂ ಹೊಂದದಿದ್ದರೆ? ಅಲರ್ಟ್ ಬೇರಿನಲ್ಲೇ ಉಳಿಯುತ್ತದೆ. ಬೇರಿಗೆ ಒಂದು ಡೀಫಾಲ್ಟ್ ವಿಳಾಸ ಇರಲೇಬೇಕು. ನನ್ನ ಪ್ರಕಾರ ಒಂದು ಕಂಪನಿಯ ಅಲರ್ಟ್ ವ್ಯವಸ್ಥೆ ಹೇಗಿದೆ ಎಂದು ತಿಳಿಯಲು ಈ ಡೀಫಾಲ್ಟ್ ವಿಳಾಸ ನೋಡಿದರೆ ಸಾಕು. ಬಹಳ ಕಡೆ ಅದು ಸ್ಲ್ಯಾಕ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಯಾರೂ ತೆರೆಯದ ಒಂದು ಚಾನೆಲ್. ಹೊಸ ಸರ್ವಿಸ್‌ಗೆ ಲೇಬಲ್ ಹಾಕಲು ಮರೆತರೆ, "ಪೇಮೆಂಟ್ಸ್" ಬದಲು "ಪೇಮೆಂಟ್" ಎಂದು ಬರೆದರೆ, ಅಲರ್ಟ್ ಸದ್ದಿಲ್ಲದೆ ಅಲ್ಲಿಗೆ ಬೀಳುತ್ತದೆ. ತಪ್ಪಾಗಿದೆ ಎಂದು ಹೇಳುವ ಸಂದೇಶವೂ ಬರುವುದಿಲ್ಲ. ಆ ವಿಳಾಸಕ್ಕೆ ಬರುವ ಪ್ರತಿ ಅಲರ್ಟನ್ನೂ ಒಬ್ಬರು ದಿನಾ ನೋಡಬೇಕು, ಅದಕ್ಕೆ ಮನೆ ಹುಡುಕಿಕೊಡಬೇಕು. ಬೇಸರದ ಕೆಲಸ, ಆದರೆ ಇದಕ್ಕಿಂತ ಲಾಭದ ಕೆಲಸ ಈ ಇಡೀ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ.

ಗುಂಪು ಮಾಡುವುದೂ ರೂಟಿಂಗ್‌ನ ಭಾಗವೇ. ಒಂದು ಡೇಟಾಬೇಸ್ ಬಿದ್ದರೆ ಅದನ್ನು ನಂಬಿದ ಎಂಬತ್ತು ಸರ್ವಿಸ್‌ಗಳೂ ಕೂಗಿಕೊಳ್ಳುತ್ತವೆ. ಬಡಾವಣೆಗೆ ಕರೆಂಟ್ ಹೋದಾಗ ಪ್ರತಿ ಮನೆಯಿಂದಲೂ "ನಮ್ಮ ಫ್ಯಾನ್ ನಿಂತಿದೆ" ಎಂದು ಬೇರೆ ಬೇರೆ ದೂರು ಕೊಟ್ಟ ಹಾಗೆ. ಅಲರ್ಟ್‌ಮ್ಯಾನೇಜರ್ ಮೊದಲ ಅಲರ್ಟ್ ಬಂದ ಮೇಲೆ, ನೀವು ಬದಲಿಸದಿದ್ದರೆ, 30 ಸೆಕೆಂಡ್ ಕಾದು, ಒಂದೇ ಜಾತಿಯವನ್ನೆಲ್ಲ ಕಟ್ಟು ಕಟ್ಟಿ ಒಂದೇ ಸಂದೇಶ ಮಾಡಿ ಕಳಿಸುತ್ತದೆ. ಡೇಟಾಬೇಸ್ ಅಲರ್ಟ್ ಬಂದಿದ್ದರೆ ಅದನ್ನು ನಂಬಿದವುಗಳ ಅಲರ್ಟ್ ತಡೆ ಎಂದು ಹೇಳಿಕೊಡಲೂ ಬಹುದು. ಹೀಗೆ ಮಾಡದಿದ್ದರೆ ಎಂಬತ್ತು ತಂಡಗಳು ರಾತ್ರಿ ಎದ್ದು, ಎಲ್ಲರೂ ತಮ್ಮ ಸರ್ವಿಸ್‌ನಲ್ಲೇ ತಪ್ಪು ಹುಡುಕುತ್ತಾರೆ. ಡೇಟಾಬೇಸ್ ತಂಡದವರಿಗೆ ಆ ಗದ್ದಲದಲ್ಲಿ ತಮ್ಮ ಅಲರ್ಟ್ ಯಾವುದು ಎಂದೇ ಕಾಣುವುದಿಲ್ಲ.

ಸರ್ವರ್ ಎದ್ದಿತು, ಅಲಾರಂ ಏಳಲಿಲ್ಲ

ಅಲರ್ಟ್ ಸರಿಯಾದ ತಂಡಕ್ಕೇ ಹೋಗಿ, ಆ ತಂಡ ಕೂಡಲೇ ಎದ್ದು ಕೆಲಸ ಮಾಡಿ, ಆದರೂ ಐದು ಕೋಟಿ ಜನ ಕತ್ತಲಲ್ಲಿ ಉಳಿದ ಒಂದು ದಿನ ಇದೆ. 2003ರ ಆಗಸ್ಟ್ 14.

ಅಮೆರಿಕದ ಓಹಾಯೊದಲ್ಲಿ ಫಸ್ಟ್‌ಎನರ್ಜಿ ಅನ್ನುವ ವಿದ್ಯುತ್ ಕಂಪನಿ ಇದೆ. ಅಂದು ಮಧ್ಯಾಹ್ನ 2:14ಕ್ಕೆ ಅವರ ಕಂಟ್ರೋಲ್ ರೂಮ್‌ನ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ಸತ್ತಿತು. ತಂತಿ ಕಡಿದರೆ ಕೂಗಬೇಕಾದ ಸಾಫ್ಟ್‌ವೇರ್ ಅದು. ಆಪರೇಟರ್‌ಗಳಿಗೆ ಇದು ಗೊತ್ತಾಗಲಿಲ್ಲ. ಅಲಾರಂ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಎಂದೇ ಅವರು ತಿಳಿದರು. 2:41ಕ್ಕೆ ಅಲಾರಂ ಓಡುತ್ತಿದ್ದ ಸರ್ವರ್ ಬಿತ್ತು. 2:54ಕ್ಕೆ ಅದರ ಬದಲಿ ಸರ್ವರ್ ಕೂಡ ಬಿತ್ತು. ಎರಡೂ ಸಲ ಪೇಜರ್ ಬಡಿದುಕೊಂಡಿತು. ಬಡಿದುಕೊಂಡದ್ದು ಐಟಿ ತಂಡದವರದ್ದು. ಅವರು ತಡಮಾಡಲಿಲ್ಲ, ಸರ್ವರನ್ನು ಮತ್ತೆ ಚಾಲೂ ಮಾಡಿದರು. ಸರ್ವರ್ ಎದ್ದಿತು, ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಅಲಾರಂ ಮಾತ್ರ ಇನ್ನೂ ಸತ್ತೇ ಇತ್ತು. ಅದನ್ನು ಆಪರೇಟರ್‌ಗಳಿಗೆ ಹೇಳಬೇಕು ಅನ್ನುವ ಪದ್ಧತಿಯೇ ಅಲ್ಲಿರಲಿಲ್ಲ. ಅಮೆರಿಕ ಮತ್ತು ಕೆನಡಾದ ಜಂಟಿ ತನಿಖಾ ವರದಿ ಇದನ್ನು ಬಿಡಿಸಿ ಬರೆದಿದೆ.

ಅಕ್ಕಪಕ್ಕದ ವಿದ್ಯುತ್ ಕಂಪನಿಯವರು ಫೋನ್ ಮಾಡಿ, "ನಿಮ್ಮ ಲೈನ್ ಟ್ರಿಪ್ ಆಗಿದೆಯಾ?" ಎಂದು ಕೇಳುತ್ತಲೇ ಇದ್ದರು. ಪರದೆ ಮೇಲೆ ಏನೂ ಕಾಣದ ಆಪರೇಟರ್‌ಗಳು ಅದನ್ನು ನಂಬಲಿಲ್ಲ. ಭಾರಕ್ಕೆ ಬಿಸಿಯಾಗಿ ಜೋತ ತಂತಿಗಳು ಮರಕ್ಕೆ ತಾಗಿ ಒಂದೊಂದಾಗಿ ಕಳಚಿಕೊಂಡವು. ಸಂಜೆ ನಾಲ್ಕು ದಾಟುವ ಹೊತ್ತಿಗೆ ನ್ಯೂಯಾರ್ಕ್‌ನಿಂದ ಕೆನಡಾದ ಒಂಟಾರಿಯೊ ತನಕ ಕತ್ತಲು.

ಇದನ್ನು ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಒಂದು ಅಲರ್ಟ್‌ಗೆ ಬಹಳ ಸಲ ಎರಡು ವಿಳಾಸ ಇರುತ್ತದೆ. ಒಂದು ಸರಿಪಡಿಸುವವರದ್ದು, ಇನ್ನೊಂದು ಅದನ್ನು ನಂಬಿ ಕೂತವರದ್ದು. ನಾವು ಮೊದಲನೆಯದನ್ನು ಮಾತ್ರ ಬರೆಯುತ್ತೇವೆ. ಪೇಮೆಂಟ್ ಸರ್ವಿಸ್ ಬಿದ್ದರೆ ಪೇಮೆಂಟ್ ತಂಡ ಏಳುತ್ತದೆ, ಸರಿ. ಗ್ರಾಹಕರ ಕರೆ ತೆಗೆದುಕೊಳ್ಳುವ ಮಂದಿಗೆ ಯಾರು ಹೇಳಬೇಕು? ಅವರು "ನಿಮ್ಮ ಇಂಟರ್‌ನೆಟ್ ಚೆಕ್ ಮಾಡಿ ಸಾರ್" ಎಂದು ನೂರಾರು ಜನರಿಗೆ ಹೇಳುತ್ತಾ ಕೂತಿರುತ್ತಾರೆ. ಅವರನ್ನು ರಾತ್ರಿ ಎಬ್ಬಿಸಬೇಕಿಲ್ಲ, ಒಂದು ಸಾಲಿನ ಸಂದೇಶ ಸಾಕು. ಆ ಸಾಲನ್ನು ಯಾರು ಬರೆಯುತ್ತಾರೆ ಎಂದು ಮೊದಲೇ ಗೊತ್ತಾಗಿರಬೇಕು, ಅಷ್ಟೇ.

ಊಹೆ ಮಾಡುವ ಯಂತ್ರಗಳು

ಲೇಬಲ್ ಎಲ್ಲ ಸರಿ ಇದ್ದರೂ ಒಂದು ಕಷ್ಟ ಉಳಿಯುತ್ತದೆ. ನೋವು ಕಾಣೋದು ಒಂದು ಕಡೆ, ರೋಗ ಇರೋದು ಇನ್ನೊಂದು ಕಡೆ. ಪೇಜ್ ನಿಧಾನವಾಗಿದೆ ಎಂದು ವೆಬ್ ತಂಡಕ್ಕೆ ಅಲರ್ಟ್ ಬರುತ್ತದೆ. ತಪ್ಪು ಸ್ಟೋರೇಜ್‌ನಲ್ಲಿ ಇರಬಹುದು, ನೆಟ್‌ವರ್ಕ್‌ನಲ್ಲಿ ಇರಬಹುದು. ವೆಬ್ ತಂಡ "ನಮ್ಮದಲ್ಲ" ಎಂದು ಮುಂದೆ ತಳ್ಳುತ್ತದೆ, ಅವರು ಇನ್ನೊಬ್ಬರಿಗೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಮೇಲೆ ಅಧ್ಯಯನ ಮಾಡಿದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಹೀಗೆ ತಪ್ಪು ತಂಡಕ್ಕೆ ಹೋದರೆ ಕಾರಣ ಪತ್ತೆಯಾಗಲು ಹಿಡಿಯುವ ಸಮಯ 10 ಪಟ್ಟು ಏರಬಹುದು.

ಅವರು ಸೂಚಿಸಿದ ಉಪಾಯ ನನಗೆ ತುಂಬಾ ಹಿಡಿಸಿತು. ಇಡೀ ಕಂಪನಿಯನ್ನು ಅರಿತ ಒಂದೇ ದೊಡ್ಡ ಬುದ್ಧಿಯಂತ್ರ ಕಟ್ಟಲು ಅವರು ಹೋಗಲಿಲ್ಲ. ಪ್ರತಿ ತಂಡಕ್ಕೂ ಅದರದೇ ಬಾಗಿಲು ಕಾಯುವ ಒಂದು ಸಣ್ಣ ಯಂತ್ರ ಇಡೋಣ ಎಂದರು. ಬಂದ ಇನ್ಸಿಡೆಂಟ್ (ತೊಂದರೆಯ ವರದಿ) ನೋಡಿ "ಇದು ನಮ್ಮದು" ಅಥವಾ "ನಮ್ಮದಲ್ಲ" ಎಂದಷ್ಟೇ ಅದು ಹೇಳಬೇಕು. ಆ ತಂಡದ ಅನುಭವವನ್ನೇ ಅದಕ್ಕೆ ಕಲಿಸಿರುತ್ತಾರೆ. ನೆಟ್‌ವರ್ಕ್ ತಂಡದ ಒಂದೇ ಒಂದು ಬಾಗಿಲಿಗೆ ಇದನ್ನು ಹಾಕಿದ್ದಕ್ಕೆ, ಅವರ ದಾಖಲೆಯಲ್ಲಿದ್ದ ದಾರಿ ತಪ್ಪಿದ ಇನ್ಸಿಡೆಂಟ್‌ಗಳಲ್ಲಿ 65%ರಷ್ಟು ಮುಂಚಿಗಿಂತ ಬೇಗ ತಹಬಂದಿಗೆ ಬರಬಹುದು ಎಂದು ಕಂಡಿತು.

ಈಗ ಎಲ್ಲ ಕಡೆ ಎಐ ಮಾತು. ಅಲರ್ಟ್ ಓದಿ, ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಓದಿ, ಹಳೇ ಟಿಕೆಟ್ (ದೂರಿನ ದಾಖಲೆ) ಓದಿ, ಇದು ಇಂಥ ತಂಡದ್ದು ಎಂದು ಹೇಳುವ ಏಜೆಂಟ್‌ಗಳನ್ನು ಮಾರುತ್ತಿದ್ದಾರೆ. ನಾನು ಅವನ್ನು ವಿರೋಧಿಸುವುದಿಲ್ಲ. ರಾತ್ರಿ ಮೂರು ಗಂಟೆಗೆ ಹತ್ತು ಡ್ಯಾಶ್‌ಬೋರ್ಡ್ ತೆರೆದು ನೋಡುವುದಕ್ಕಿಂತ, ಒಂದು ಯಂತ್ರ ನೋಡಿ ಸಾರಾಂಶ ಕೊಟ್ಟರೆ ನಿದ್ದೆಗಣ್ಣಿನವರಿಗೆ ದೊಡ್ಡ ಸಹಾಯ. ಆದರೆ ಯಂತ್ರ ಓದುವುದು ನಾವು ಬರೆದಿಟ್ಟದ್ದನ್ನೇ. ಈಕ್ವಿಫ್ಯಾಕ್ಸ್‌ನ ಹಳೇ ಪಟ್ಟಿಯನ್ನು ಅದಕ್ಕೆ ಕೊಟ್ಟಿದ್ದರೆ ಅದು ಅದೇ 400 ಜನರಿಗೆ ಇನ್ನೂ ಚೆಂದದ ಭಾಷೆಯಲ್ಲಿ ಕಳಿಸುತ್ತಿತ್ತು. ಯಾವ ಸರ್ವಿಸ್ ಯಾರದ್ದು ಅನ್ನುವ ಪಟ್ಟಿ ಮೊದಲು, ಎಐ ಆಮೇಲೆ. ಸ್ಪಾಟಿಫೈ 2020ರಲ್ಲಿ ಎಲ್ಲರಿಗೂ ತೆರೆದಿಟ್ಟ ಬ್ಯಾಕ್‌ಸ್ಟೇಜ್ ಅಂಥ ಪಟ್ಟಿ ಇಡಲು ಒಂದು ಸಾಧನ. ಅದರಲ್ಲಿ ಪ್ರತಿ ಸರ್ವಿಸ್‌ಗೂ ಮಾಲೀಕರ ಹೆಸರು ಬರೆಯುವ ಜಾಗ ಇದೆ. ನನ್ನ ಸಲಹೆ ಇಷ್ಟೇ: ಅಲ್ಲಿ ಒಬ್ಬ ವ್ಯಕ್ತಿಯ ಹೆಸರು ಬರೆಯಬೇಡಿ, ತಂಡದ ಹೆಸರು ಬರೆಯಿರಿ. ವ್ಯಕ್ತಿ ಕೆಲಸ ಬಿಡುತ್ತಾರೆ. ತಂಡವನ್ನೇ ಮುಚ್ಚುವುದಾದರೆ, ಅದರ ಸರ್ವಿಸ್‌ಗಳಿಗೆ ಬೇರೆ ತಂಡದ ಹೆಸರು ಬರೆಯುವ ತನಕ ಮುಚ್ಚಲು ಬಿಡಬೇಡಿ.

ಈ ವರ್ಷಗಳಲ್ಲಿ ಇದಕ್ಕೆ ಕೈಹಾಕಲು ಒಂದು ನೆಪವೂ ಸಿಕ್ಕಿದೆ. ಅಲರ್ಟ್‌ಗಳನ್ನು ಆನ್‌ಕಾಲ್‌ನವರಿಗೆ ತಲುಪಿಸಲು ಬಹಳ ತಂಡಗಳು ಬಳಸುವ ಆಪ್ಸ್‌ಜೀನಿ ಅನ್ನುವ ಸಾಧನವನ್ನು ಅಟ್ಲಾಸಿಯನ್ ಕಂಪನಿ 2018ರಲ್ಲಿ ಕೊಂಡಿತ್ತು. ಈಗ ಅದನ್ನು ಮುಚ್ಚುತ್ತಿದೆ. 2025ರ ಜೂನ್‌ನಲ್ಲಿ ಮಾರಾಟ ನಿಲ್ಲಿಸಿತು, 2027ರ ಏಪ್ರಿಲ್ 5ಕ್ಕೆ ಪೂರ್ತಿ ಬಂದ್. ಗ್ರಫಾನಾದ ಉಚಿತ ಆನ್‌ಕಾಲ್ ಸಾಫ್ಟ್‌ವೇರ್ ಕೂಡ 2025ರ ಮಾರ್ಚ್‌ನಿಂದ ಬೆಳೆಯುವುದನ್ನು ನಿಲ್ಲಿಸಿತು. ಹಾಗಾಗಿ ಸಾವಿರಾರು ತಂಡಗಳು ತಮ್ಮ ರೂಟಿಂಗ್ ನಿಯಮಗಳನ್ನು ಬೇರೆ ಕಡೆ ಸಾಗಿಸಬೇಕು. ಹೊಸ ಟೂಲ್ ಮಾರುವವರು "ಒಂದೇ ಕ್ಲಿಕ್‌ನಲ್ಲಿ ಎಲ್ಲ ಸಾಗಿಸಿಕೊಡ್ತೀವಿ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆ ಬದಲಿಸುವಾಗ ಅಟ್ಟದ ಮೇಲಿನ ಹಳೇ ಡಬ್ಬಗಳನ್ನೂ ಹಾಗೇ ಲಾರಿಗೆ ಏರಿಸುತ್ತೀರಾ? ಒಂದೊಂದೇ ನಿಯಮ ತೆಗೆದು ನೋಡಿ. ಈ ತಂಡ ಇನ್ನೂ ಇದೆಯಾ? ಈ ಅಲರ್ಟ್‌ಗೆ ಕಳೆದ ವರ್ಷ ಯಾರಾದರೂ ಏನಾದರೂ ಮಾಡಿದ್ದರಾ? ಇಲ್ಲ ಅಂದರೆ ಅದನ್ನು ಅಲ್ಲೇ ಬಿಡಿ.

ಕಣ್ಣಿನ ಜೊತೆ ಕೈಯೂ ಬೇಕು

ಮತ್ತೆ ಬೆಂಗಳೂರಿಗೆ ಬರುತ್ತೇನೆ. ನಮ್ಮ ಊರಲ್ಲಿ ಲೆಕ್ಕವಿಲ್ಲದಷ್ಟು ತಂಡಗಳು ಬೇರೆ ದೇಶಗಳ ಸರ್ವರ್‌ಗಳನ್ನು ಕಾಯುತ್ತವೆ. ಮಿನಿಯಾಪೊಲಿಸ್ ಚಳಿಗಾಲದಲ್ಲಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅವರ ರಾತ್ರಿ ನಮ್ಮ ಹಗಲು. ಲೆಕ್ಕ ಚೆನ್ನಾಗಿದೆ, ಯಾರ ನಿದ್ದೆಯೂ ಕೆಡಬೇಕಿಲ್ಲ. ಆದರೆ ಬಹಳ ಕಡೆ ಇಲ್ಲಿನವರಿಗೆ ಕೊಟ್ಟಿರೋದು ನೋಡುವ ಕೆಲಸ ಮಾತ್ರ. ಎಲ್1, ಅಂದರೆ ಮೊದಲ ಹಂತ, ಎಂದು ಹೆಸರು. ಅಲರ್ಟ್ ನೋಡು, ಟಿಕೆಟ್ ಹಾಕು, ಆ ಕಡೆಯವರನ್ನು ಎಬ್ಬಿಸು. ಸರ್ವರ್ ಬಂದ್ ಮಾಡುವ, ಟ್ರಾಫಿಕ್ ಬೇರೆ ಕಡೆ ತಿರುಗಿಸುವ ಅನುಮತಿ ಅವರಿಗಿಲ್ಲ. ಎಬ್ಬಿಸಿದವರು "ಬೆಳಗ್ಗೆ ನೋಡೋಣ" ಎಂದರೆ ಅದನ್ನು ಮೀರಿ ಇನ್ನೂ ಮೇಲಿನವರನ್ನು ಕರೆಯುವ ಧೈರ್ಯ ಎಷ್ಟು ಜನರಿಗಿರುತ್ತದೆ? ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಏಳು ಸಮುದ್ರದಾಚೆಯ ಡೈರೆಕ್ಟರ್‌ಗೆ ಫೋನ್ ಮಾಡಿ "ಸರ್, ಇದು ಬೆಳಗ್ಗೆಗೆ ಬಿಡುವಂಥದ್ದಲ್ಲ" ಎಂದು ಹೇಳಬೇಕಾದರೆ, ಹಾಗೆ ಹೇಳಬಹುದು ಎಂದು ಮೊದಲೇ ಬರೆದು ಕೊಟ್ಟಿರಬೇಕು. ಹೇಳಿದ್ದು ತಪ್ಪಾದರೂ ಬೈಗುಳ ಬೀಳುವುದಿಲ್ಲ ಅನ್ನುವ ಭರವಸೆ ಇರಬೇಕು.

ಇದು ಸೌಜನ್ಯದ ಮಾತಷ್ಟೇ ಅಲ್ಲ, ಈಗ ಕಾನೂನಿನ ಮಾತೂ ಹೌದು. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ, ಭಾರತದಲ್ಲಿ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಗಮನಕ್ಕೆ ಬಂದ ಹೊತ್ತು ಅಂದರೆ ಯಾವುದು? ಎಲ್1 ಹುಡುಗಿ ಅಲರ್ಟ್ ನೋಡಿದ ಹೊತ್ತೋ, ನಾಲ್ಕು ಕೈ ದಾಟಿ ಡೈರೆಕ್ಟರ್ ಕಣ್ಣಿಗೆ ಬಿದ್ದ ಹೊತ್ತೋ? ನನ್ನ ಓದಿನಲ್ಲಿ ಮೊದಲನೆಯದೇ. ದಾರಿಯಲ್ಲಿ ಕಳೆದ ಪ್ರತಿ ಗಂಟೆಯೂ ಆ ಆರರಲ್ಲಿ ಒಂದು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ನಮ್ಮ ತಂಡದಲ್ಲಿ ಮಾಡಿ ನೋಡಿದ್ದು. ಡಿಸ್ಕ್ ತುಂಬಿದ ಆ ಭಾನುವಾರದ ನಂತರ ನಾವು ತಿಂಗಳಿಗೊಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಪ್ರತಿ ಸರ್ವಿಸ್‌ಗೂ ಒಂದು ಸುಳ್ಳು ಅಲರ್ಟ್ ಕಳಿಸಲು ಶುರು ಮಾಡಿದೆವು. ಪರೀಕ್ಷೆ ಎಂದು ಸ್ಪಷ್ಟವಾಗಿ ಬರೆದೇ ಕಳಿಸುತ್ತಿದ್ದೆವು. ಯಾರ ಫೋನ್ ಬಡಿದುಕೊಳ್ಳುತ್ತದೆ, ಎಷ್ಟು ಹೊತ್ತಿಗೆ ಅಕ್ ಮಾಡುತ್ತಾರೆ, ಅವರಿಗೆ ಆ ಸರ್ವರ್‌ಗೆ ಲಾಗಿನ್ ಆಗಲು ಅನುಮತಿ ಇದೆಯಾ, ಈ ಮೂರೇ ನೋಡುವುದು. ಮೊದಲ ಮಂಗಳವಾರ ಒಂದು ಅಲರ್ಟ್‌ಗೆ ಬಡಿದುಕೊಂಡದ್ದು ಮೈಸೂರು ಬಸ್ಸಿನಲ್ಲಿದ್ದ ಒಬ್ಬರ ಫೋನ್. ಅವರು ತಿರುಗಿ ಕರೆ ಮಾಡಿ, "ಇದು ನಂದಲ್ಲ ಕಣ್ರೀ, ಆ ಟೀಮ್ ಬಿಟ್ಟು ಎಂಟು ತಿಂಗಳಾಯ್ತು" ಅಂದರು. ಅವತ್ತು ಸಂಜೆಯೇ ಆ ಸಾಲು ತಿದ್ದಿದೆವು. ಮುಂದಿನ ತಿಂಗಳು ಅದೇ ಅಲರ್ಟ್ ಡೇಟಾಬೇಸ್ ತಂಡದ ಆನ್‌ಕಾಲ್‌ಗೆ ಹೋಯಿತು. ಅವರು ಎರಡು ನಿಮಿಷದಲ್ಲಿ ಎತ್ತಿಕೊಂಡರು. ಲಾಗಿನ್ ಅನುಮತಿ ಮಾತ್ರ ಇರಲಿಲ್ಲ. ಅದನ್ನು ಕೊಡಿಸಲು ಇನ್ನೂ ಒಂದು ವಾರ ಓಡಾಡಿದೆವು.